ಓಮ್ನಿಯಲ್ಲಿ 14 ಮಕ್ಕಳು: ಬ್ರೇಕ್ ಇನ್‌ಸ್ಪೆಕ್ಟರ್‌ಗೆ ಪ್ರಶ್ನೆ

ಪ್ರಶ್ನೆ (ತಾಯಿ, ಕಾಪು): ಸರ್, ಮಗಳು ಒಂದನೇ ಕ್ಲಾಸ್. ಶಾಲೆಗೆ ಓಮ್ನಿಯಲ್ಲಿ ಹೋಗುತ್ತಾಳೆ. ನಿನ್ನೆ ಎಣಿಸಿದೆ, 14 ಮಕ್ಕಳು. ಇಬ್ಬರು ಡ್ರೈವರ್ ಪಕ್ಕದಲ್ಲೇ. ಡ್ರೈವರ್ ನಮ್ಮ ಊರಿನವರೇ, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ (ನಿವೃತ್ತ ಮೋಟಾರು ವಾಹನ ಇನ್‌ಸ್ಪೆಕ್ಟರ್, ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್): ಬೇಜಾರಾದರೂ ಹೇಳಿ ಮೇಡಂ. 2016ರ ಜೂನ್ 21ರಂದು ನಮ್ಮದೇ ಉಡುಪಿ ಜಿಲ್ಲೆಯ ತ್ರಾಸಿಯಲ್ಲಿ ಶಾಲೆ ಮಕ್ಕಳ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ತೀರಿಕೊಂಡರು. ಓಮ್ನಿಗೆ ಮುಂದೆ ಬಾನೆಟ್ ಇಲ್ಲ, ಎಂಜಿನ್ ಸೀಟಿನಡಿ ಇದೆ. ಎದುರಿನ ತಗಡು ದಾಟಿದರೆ ಕಾಲೇ. ಮಕ್ಕಳನ್ನು ಮುಂದೆ ಕೂರಿಸುವುದು ನಾಳೆಯಿಂದಲೇ ನಿಲ್ಲಲಿ.

12 ವರ್ಷದೊಳಗಿನ ಮಕ್ಕಳಾದರೆ ಸೀಟಿನ ಒಂದೂವರೆ ಪಟ್ಟು ಮಾತ್ರ ಹತ್ತಿಸಬಹುದು. 7 ಸೀಟು ಅಂದುಕೊಂಡರೂ 10 ದಾಟಬಾರದು. ನಂಬರ್ ಪ್ಲೇಟ್ ಕೂಡ ನೋಡಿ. ಬಿಳಿ ಇದ್ದರೆ ಸ್ವಂತ ಬಳಕೆಯ ಗಾಡಿ, ಬಾಡಿಗೆಗೆ ಓಡಿಸುವ ಹಾಗಿಲ್ಲ. ಅನಾಹುತವಾದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್), ಇನ್ಶೂರೆನ್ಸ್ ತಾರೀಕು ಸಿಗುತ್ತದೆ.

ಪ್ರಶ್ನೆ (ತಂದೆ, ಸುರತ್ಕಲ್): ನಮ್ಮದು ಶಾಲೆಯದ್ದೇ ಹಳದಿ ಬಸ್. 40 ಕಿಲೋಮೀಟರ್ ದಾಟದ ಹಾಗೆ ಸ್ಪೀಡ್ ಗವರ್ನರ್ ಇದೆ, ಆಯಾ ಇದ್ದಾರೆ. ಭಯ ಇಲ್ಲ ಅಲ್ವಾ?

ಉತ್ತರ: ಒಳಗೆ ಕೂತಿರುವಷ್ಟು ಹೊತ್ತು ಭಯ ಕಡಿಮೆ. ಇಳಿದ ಮೇಲಿನ ಒಂದು ನಿಮಿಷ ನೋಡಿ. ಬಸ್ಸಿನ ಮೂತಿಗೆ ತಾಗಿ ನಿಂತ ಪುಟ್ಟ ಮಗು ಡ್ರೈವರ್‌ಗೆ ಕಾಣುವುದೇ ಇಲ್ಲ. ವಾಟರ್ ಬಾಟಲಿ ಬಿದ್ದರೆ ಮಗು ಬಗ್ಗುತ್ತದೆ, ಅಷ್ಟು ಸಾಕು. ಬ್ಯಾಗಿನ ಪಟ್ಟಿ ಬಾಗಿಲಿಗೆ ಸಿಕ್ಕಿಕೊಳ್ಳುವುದೂ ಇದೆ. ಅಪಘಾತವಾದ ಗಾಡಿ ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಇಂಥ ಕೇಸಿನಲ್ಲಿ 'ಬ್ರೇಕ್ ಸರಿ ಇತ್ತು' ಎಂದು ಬರೆಯುವಾಗ ಕೈ ನಡುಗುತ್ತಿತ್ತು.

ಹಾಗಾಗಿ ಆಯಾ ಮೊದಲು ಇಳಿಯಬೇಕು. ಮಗುವನ್ನು ಮನೆಯವರ ಕೈಗೆ ಒಪ್ಪಿಸಿಯೇ ಹತ್ತಬೇಕು. ನೀವು ಬಸ್ ನಿಲ್ಲುವ ಬದಿಯಲ್ಲೇ ಕಾಯಿರಿ. ಹೆದ್ದಾರಿ 66ರಲ್ಲಿ ಅಜ್ಜನೋ ಅಮ್ಮನೋ ಆಚೆ ಬದಿಯಿಂದ ಕೈ ಬೀಸುತ್ತಾರೆ, ಮಗು ಅವರನ್ನೇ ನೋಡುತ್ತಾ ಓಡಿಬಿಡುತ್ತದೆ. ಮಳೆಗಾಲದಲ್ಲಂತೂ ರೇನ್‌ಕೋಟ್ ಟೋಪಿಯಿಂದ ಪಕ್ಕದ ಗಾಡಿ ಕಾಣಿಸುವುದಿಲ್ಲ. ಬಸ್ ಪೂರ್ತಿ ಹೋದ ಮೇಲೆ ಕೈ ಹಿಡಿದು ದಾಟಿಸಿ.

ಪ್ರಶ್ನೆ (ತಾಯಿ, ಕಾಪು): ಸರ್, ಸಂಜೆ ಮಾತಾಡಿದೆ. ಎರಡು ಟ್ರಿಪ್ ಮಾಡುತ್ತೇನೆ ಅಂದರು, ಪೆಟ್ರೋಲಿಗೆ ಸ್ವಲ್ಪ ಜಾಸ್ತಿ ಕೇಳಿದರು. ಎಲ್ಲ ಮನೆಯವರೂ ಒಪ್ಪಿದ್ದೇವೆ. ಆದರೆ ಪ್ಲೇಟ್ ಬಿಳಿಯೇ ಇದೆ.

ಉತ್ತರ: ಟ್ರಿಪ್ ವಿಷಯ ಒಳ್ಳೆಯದಾಯಿತು. ಪ್ಲೇಟ್ ವಿಷಯದಲ್ಲಿ ಮಾತ್ರ ಸುಮ್ನೆ ಕೂರಬೇಡಿ. ಆರ್‌ಟಿಒ ಆಫೀಸಿನಲ್ಲಿ ಪರ್ಮಿಟ್ ಮಾಡಿಸಿಕೊಳ್ಳಲು ಅವರಿಗೆ ಹೇಳಿ. ಹೆಡ್‌ಮಾಸ್ಟರ್‌ಗೂ ತಿಳಿಸಿ. ಬಾಯಿಮಾತಲ್ಲಿ ಬೇಡ, ಎಲ್ಲರೂ ಸಹಿ ಹಾಕಿ ಬರೆದು ಕೊಡಿ.