ರೇಡಿಯೋಹೆಡ್ ತಡವಾಗಿ ಸಿಕ್ಕಿದೆ: ಎಲ್ಲಿಂದ ಶುರು ಮಾಡಲಿ, ವಿಡಿಯೋ ಯಾವಾಗ ನೋಡಲಿ?

ಪ್ರಶ್ನೆ
ಇಷ್ಟು ವರ್ಷ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್ ಅಂದರೆ 'ಕ್ರೀಪ್' ಹಾಡೊಂದೇ ಗೊತ್ತಿತ್ತು. ಈಗ 'ನೋ ಸರ್ಪ್ರೈಸಸ್' ವಿಡಿಯೋ ನೋಡಿದ ಮೇಲೆ ಉಳಿದದ್ದನ್ನೂ ಕೇಳಬೇಕು ಅನ್ನಿಸಿದೆ. 1993ರಿಂದ 2016ರವರೆಗೆ 9 ಆಲ್ಬಂ ಇವೆ. ಯಾವುದರಿಂದ ಶುರು ಮಾಡಲಿ? ಹಾಡು ಮೊದಲಾ, ವಿಡಿಯೋ ಮೊದಲಾ? ವಿಡಿಯೋ ನೋಡಿದರೆ ಹಾಡು ಇನ್ನೂ ಚೆನ್ನಾಗಿ ಹಿಡಿಯುತ್ತೆ ಅನ್ನೋದು ನಿಜವಾ? ಬಲ್ಲವರು ಹೇಳಿ.

ಉತ್ತರ 1
ಬಿಡುಗಡೆಯಾದ ಕ್ರಮದಲ್ಲಿ ಕೇಳಲು ಹೋಗಬೇಡಿ. ಹಾಗೆ ಹೋದವರು ಹೆಚ್ಚಾಗಿ ನಾಲ್ಕನೆಯದಕ್ಕೆ, ಅಂದರೆ 2000ದ 'ಕಿಡ್ ಎ'ಗೆ ಬಂದು ನಿಂತುಬಿಡುತ್ತಾರೆ. ಅದರಲ್ಲಿ ಗಿಟಾರ್ ಹಿಂದೆ ಸರಿದು ಸಿಂಥಸೈಜರ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ) ಮುಂದೆ ಬರುತ್ತದೆ. ದನಿಯನ್ನೂ ಗುರುತು ಸಿಗದಷ್ಟು ತಿರುಚಿದ್ದಾರೆ. ಕಿವಿಗೆ ಅಭ್ಯಾಸ ಇಲ್ಲದಿದ್ದರೆ ಹಾಡು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ.

'ದಿ ಬೆಂಡ್ಸ್' (1995), 'ಓಕೆ ಕಂಪ್ಯೂಟರ್' (1997), ಆಮೇಲೆ ಹತ್ತು ವರ್ಷ ಹಾರಿ 'ಇನ್ ರೇನ್‌ಬೋಸ್' (2007), ಆಮೇಲೆ ಹಿಂದಿರುಗಿ 'ಕಿಡ್ ಎ'. ಇದು ನನ್ನ ಕ್ರಮ. 'ಇನ್ ರೇನ್‌ಬೋಸ್'ನಲ್ಲಿ ಎಲೆಕ್ಟ್ರಾನಿಕ್ ಸದ್ದೂ ಇದೆ, ಹಾಡಿನ ಮಟ್ಟೂ ಕೈಗೆ ಸಿಗುತ್ತದೆ. ಅದು ಕಿವಿಯನ್ನು ಹದ ಮಾಡಿಕೊಟ್ಟಿರುತ್ತದೆ. 'ಕ್ರೀಪ್' ಇರುವ ಮೊದಲ ಆಲ್ಬಂ 'ಪ್ಯಾಬ್ಲೋ ಹನಿ'ಯನ್ನು ಕಡೆಗೆ ಕೇಳಿದರೂ ನಷ್ಟವಿಲ್ಲ.

ಆ್ಯಪ್‌ನಲ್ಲಿ ಶಫಲ್ ತೆಗೆಯಿರಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯ ಮೇಲೆ ಮುಂದಿನದರ ಶುರುವನ್ನು ಬೆರೆಸುವ ಸೆಟ್ಟಿಂಗ್) ಸೊನ್ನೆಗೆ ಇಡಿ. 'ಓಕೆ ಕಂಪ್ಯೂಟರ್' 12 ಹಾಡು, ಸುಮಾರು 53 ನಿಮಿಷ. ಮೊದಲ ಹಾಡಿನ ಕೊನೆಯ ಬೀಪ್ ಸದ್ದೇ ಎರಡನೆಯದಕ್ಕೆ ಬಾಗಿಲು ತೆರೆಯುತ್ತದೆ. ಕ್ರಾಸ್‌ಫೇಡ್ ಇದ್ದರೆ ಅದು ಕಲಸಿಹೋಗುತ್ತದೆ. ಒಂದು ಆಲ್ಬಂ ಮೂರು ಸಲ ಪೂರ್ತಿ ಆಗುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ. ಸಾಹಿತ್ಯ ಓದುವುದು ಮೂರನೇ ಸಲಕ್ಕೆ ಸಾಕು.

ಉತ್ತರ 2
ವಿಡಿಯೋ ವಿಚಾರ ನಾನು ಹೇಳುತ್ತೇನೆ. ಎಲ್ಲ ವಿಡಿಯೋಗಳೂ ಹಾಡನ್ನು ಆಳ ಮಾಡುವುದಿಲ್ಲ, ಎಷ್ಟೋ ಬರೀ ಜಾಹೀರಾತು. ಆಳ ಮಾಡುವಂಥವೂ ಅದನ್ನು ಬೇರೆ ಬೇರೆ ರೀತಿಯಲ್ಲಿ ಮಾಡುತ್ತವೆ.

ನೀವು ನೋಡಿದ 'ನೋ ಸರ್ಪ್ರೈಸಸ್' ತೆಗೆದುಕೊಳ್ಳಿ. ನಿರ್ದೇಶಕ ಗ್ರಾಂಟ್ ಗೀ. ಹಾಡಿನ ರಾಗ ಜೋಗುಳದ ಹಾಗೆ, ಮೇಲೆ ಗ್ಲಾಕನ್‌ಸ್ಪೀಲ್‌ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಎಂಬುದರ ಕಿಣಿಕಿಣಿ. ಬರೀ ಕೇಳಿದರೆ ಹಾಯಾದ ಹಾಡು ಅಂದುಕೊಳ್ಳಬಹುದು. ವಿಡಿಯೋದಲ್ಲಿ ಬ್ಯಾಂಡಿನ ಗಾಯಕ ಥಾಮ್ ಯಾರ್ಕ್ ತಲೆಯ ಸುತ್ತ ಪಾರದರ್ಶಕ ಗೋಳ, ಅದರ ಮೇಲೆ ಹಾಡಿನ ಸಾಲುಗಳ ಪ್ರತಿಬಿಂಬ, ಕೆಳಗಿನಿಂದ ಏರುವ ನೀರು. ನೀರು ಬಾಯಿ ದಾಟಿ ಮುಖ ಮುಳುಗಿದ ಮೇಲೂ ರಾಗ ತನ್ನ ಪಾಡಿಗೆ ಸಾಗುತ್ತದೆ. ಆ ನೆಮ್ಮದಿಗೆ ಎಷ್ಟು ಬೆಲೆ ತೆರಬೇಕು ಅನ್ನುವುದು ಆಗ ಮೈಗೆ ತಟ್ಟುತ್ತದೆ. ಮುಂದೆ ಬರೀ ಹಾಡು ಕೇಳುವಾಗಲೂ ಆ ಉಸಿರುಗಟ್ಟು ಜೊತೆಗೇ ಇರುತ್ತದೆ.

ಅಷ್ಟು ಹೊತ್ತು ಮುಳುಗಿದ್ದು ಹೇಗೆ ಅಂದರೆ, ಆ ಭಾಗಕ್ಕೆ ಹಾಡನ್ನು ಸೆಟ್‌ನಲ್ಲಿ ವೇಗವಾಗಿ ನುಡಿಸಿ, ಕ್ಯಾಮೆರಾವನ್ನೂ ವೇಗವಾಗಿ ಓಡಿಸಿ, ಆಮೇಲೆ ನಿಧಾನಗೊಳಿಸಿದ್ದಾರೆ. ಲೆಕ್ಕ ಸುಲಭ: ಸೆಕೆಂಡಿಗೆ 25ರ ಬದಲು 50 ಫ್ರೇಮ್ ಹಿಡಿದು ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿದರೆ, ತೆರೆಯ ಮೇಲಿನ 60 ಸೆಕೆಂಡು ನೀರಿನೊಳಗೆ 30ಕ್ಕೇ ಮುಗಿಯುತ್ತದೆ. ತುಟಿಯೂ ಹಾಡಿಗೆ ಕೂಡುತ್ತದೆ. ಗೀ ಅವರದೇ ಸಾಕ್ಷ್ಯಚಿತ್ರ 'ಮೀಟಿಂಗ್ ಪೀಪಲ್ ಈಸ್ ಈಸಿ'ಯಲ್ಲಿ ಈ ಚಿತ್ರೀಕರಣದ ಪಾಡು ಕಾಣುತ್ತದೆ.

'ಕರ್ಮ ಪೊಲೀಸ್' (ನಿರ್ದೇಶಕ ಜೊನಾಥನ್ ಗ್ಲೇಜರ್) ಮಾಡುವುದೇ ಬೇರೆ. ಕತ್ತಲ ರಸ್ತೆಯಲ್ಲಿ ಒಬ್ಬ ಓಡುತ್ತಾನೆ, ಕಾರು ಅಟ್ಟುತ್ತದೆ. ನಾವು ನೋಡುವುದು ಕಾರಿನೊಳಗಿಂದ, ಹಾಗಾಗಿ ಅಟ್ಟುವವರ ಪಕ್ಷದಲ್ಲೇ ಕೂತಿರುತ್ತೇವೆ. ಕೊನೆಯಲ್ಲಿ ಸೋರಿದ ಇಂಧನಕ್ಕೆ ಅವನು ಬೆಂಕಿಕಡ್ಡಿ ಹಾಕಿದಾಗ ಉರಿ ನಮ್ಮ ಕಡೆಗೇ ಬರುತ್ತದೆ. ಹಾಡಿನ ಮೊದಲರ್ಧ ಬೆದರಿಕೆ, ಕೊನೆಯ ಭಾಗ ತನ್ನನ್ನೇ ಕಳೆದುಕೊಂಡವನ ಮಾತು. ಆ ತಿರುವನ್ನೇ ಬಿಂಬ ಹಿಡಿದಿದೆ.

'ಜಸ್ಟ್' (ಜೇಮಿ ಥ್ರೇವ್ಸ್) ನೋಡುವಾಗ ಪ್ಲೇಯರ್‌ನ ಸ್ವಯಂಚಾಲಿತ ಕ್ಯಾಪ್ಷನ್ ಕಡ್ಡಾಯವಾಗಿ ಆಫ್ ಮಾಡಿ. ಫುಟ್‌ಪಾತ್ ಮೇಲೆ ಮಲಗಿದವನಿಗೂ ಸುತ್ತ ನಿಂತವರಿಗೂ ನಡೆಯುವ ಮಾತು ಸಬ್‌ಟೈಟಲ್ ಆಗಿ ವಿಡಿಯೋದಲ್ಲೇ ಇದೆ. ತಾನೇಕೆ ಮಲಗಿದ್ದೇನೆ ಅಂತ ಅವನು ಕಾರಣ ಹೇಳುವ ಹೊತ್ತಿಗೆ ಮಾತ್ರ ಆ ಸಬ್‌ಟೈಟಲ್ ನಿಂತುಹೋಗುತ್ತದೆ. ಮೇಲೆ ಇನ್ನೊಂದು ಅಕ್ಷರದ ಸಾಲು ಓಡುತ್ತಿದ್ದರೆ ಆ ಮೌನವೇ ಗೊತ್ತಾಗುವುದಿಲ್ಲ.

'ಕಿಡ್ ಎ'ಗೆ ಮಾಮೂಲಿ ವಿಡಿಯೋಗಳಿಲ್ಲ. ಬ್ಯಾಂಡ್ ಅದರಿಂದ ಸಿಂಗಲ್ಸ್ (ಬಿಡಿ ಹಾಡುಗಳು) ಬಿಡಲಿಲ್ಲ, ಚಿಕ್ಕ ಚಿಕ್ಕ ಆ್ಯನಿಮೇಷನ್ ತುಣುಕುಗಳನ್ನಷ್ಟೇ ಬಿಟ್ಟಿತು. ಹುಡುಕಿ ಸುಸ್ತಾಗಬೇಡಿ.

ಉತ್ತರ 3
ವಿಡಿಯೋ ಮೊದಲು ಬೇಡ. ಒಮ್ಮೆ ಬಿಂಬ ಅಂಟಿಕೊಂಡರೆ ನಿಮ್ಮದೇ ಕಲ್ಪನೆಗೆ ಜಾಗ ಇರುವುದಿಲ್ಲ. ಮೂರು ಸಲ ಕೇಳಿ, ಒಂದು ಸಲ ನೋಡಿ, ಮತ್ತೆ ಕಣ್ಣು ಮುಚ್ಚಿ ಕೇಳಿ. ಮೂರನೇ ಹೆಜ್ಜೆ ಬಿಟ್ಟರೆ ನೋಡಿದ್ದು ಹಾಡಿಗೆ ಸೇರುವುದಿಲ್ಲ, ಬೇರೆಯೇ ಉಳಿದುಬಿಡುತ್ತದೆ.

ಉತ್ತರ 2
ಒಪ್ಪಿದೆ. ಆದರೆ ಒಂದು ವಿಡಿಯೋವನ್ನು ಮೊದಲೇ ನೋಡಬಹುದು, ಅದು ಈ ಬ್ಯಾಂಡಿನದಲ್ಲ: ಫ್ರಾನ್ಸಿನ ಎಲೆಕ್ಟ್ರಾನಿಕ್ ಜೋಡಿ ಡ್ಯಾಫ್ಟ್ ಪಂಕ್‌ನ 'ಅರೌಂಡ್ ದಿ ವರ್ಲ್ಡ್' (1997, ಮಿಶೆಲ್ ಗಾಂಡ್ರಿ). ಅದರಲ್ಲಿ ಒಂದೊಂದು ಗುಂಪು ಒಂದೊಂದು ವಾದ್ಯ. ಮೆಟ್ಟಿಲು ಹತ್ತಿ ಇಳಿಯುವ ಕ್ರೀಡಾಪಟುಗಳು ಬೇಸ್ (ತಗ್ಗು ಸ್ವರದ ವಾದ್ಯ), ಅಸ್ಥಿಪಂಜರಗಳು ಗಿಟಾರ್, ಮಮ್ಮಿಗಳು ಡ್ರಮ್ ಮಷಿನ್, ಈಜುಡುಗೆಯ ಹುಡುಗಿಯರು ಕೀಬೋರ್ಡ್, ರೋಬೋಗಳು ದನಿ. ಒಂದು ಸಲ ಮೆಟ್ಟಿಲಿನವರನ್ನು ಮಾತ್ರ ನೋಡಿ. ಬೇಸ್ ಅನ್ನು ಉಳಿದ ಸದ್ದಿನಿಂದ ಬಿಡಿಸಿ ಕೇಳುವುದು ಆಗ ತಾನಾಗಿ ಬರುತ್ತದೆ. ರೇಡಿಯೋಹೆಡ್‌ನ ಬೇಸ್ ಕೇಳಲು ಈ ಅಭ್ಯಾಸ ಬೇಕೇ ಬೇಕು.

ಕೇಳಿದವರು
ಧನ್ಯವಾದ. ಟಿವಿಗೆ ಬ್ಲೂಟೂತ್ ಸ್ಪೀಕರ್ ಹಾಕಿ ಇದನ್ನು ನೋಡಿದೆ. ಕುಣಿತಕ್ಕೂ ತಾಳಕ್ಕೂ ಹೊಂದುತ್ತಲೇ ಇಲ್ಲ. ಹೀಗೇ ಇದೆಯಾ?

ಉತ್ತರ 4
ಇಲ್ಲ, ಅದು ಬ್ಲೂಟೂತ್ ತಡ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಆ ಹಾಡು ನಿಮಿಷಕ್ಕೆ ಸುಮಾರು 120 ಪೆಟ್ಟು, ಅಂದರೆ ಪೆಟ್ಟಿನಿಂದ ಪೆಟ್ಟಿಗೆ 500 ಮಿಲಿಸೆಕೆಂಡ್. ಹತ್ತಿರ ಹತ್ತಿರ ಅರ್ಧ ಪೆಟ್ಟು ತಪ್ಪಿದಂತಾಯಿತು. ಫೋನಿನಲ್ಲಿ ಎಷ್ಟೋ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡೆಹಿಡಿದು ಸರಿ ಮಾಡುತ್ತವೆ, ಟಿವಿಗಳು ಎಲ್ಲವೂ ಮಾಡುವುದಿಲ್ಲ. ಟಿವಿಯ 'ಆಡಿಯೋ ಡಿಲೇ' ಕೂಡ ಸಾಮಾನ್ಯವಾಗಿ ಸದ್ದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ, ಮುಂದಕ್ಕೆ ತರುವುದಿಲ್ಲ. ಟಿವಿಯ ಹೆಡ್‌ಫೋನ್ ತೂತಿನಿಂದ ಸ್ಪೀಕರ್‌ನ ಆಕ್ಸ್‌ಗೆ 3.5 ಮಿ.ಮೀ. ವೈರ್ ಹಾಕಿ, ಮುಗಿಯಿತು.

ಸರಿಯಾಯಿತೋ ಇಲ್ಲವೋ ಅಂತ 'ನೋ ಸರ್ಪ್ರೈಸಸ್'ನಲ್ಲೇ ನೋಡಿ. ಮುಖ ಇಡೀ ತೆರೆ ತುಂಬಿರುತ್ತದೆ. 'ಪ', 'ಬ', 'ಮ' ಬರುವಲ್ಲಿ ತುಟಿ ಮುಚ್ಚಿದ ಕ್ಷಣಕ್ಕೂ ಅಕ್ಷರಕ್ಕೂ ಕೂಡಬೇಕು. ಟಿವಿಯ ಜೂಮ್, ಸ್ಟ್ರೆಚ್ ಎರಡನ್ನೂ ಆಫ್ ಮಾಡಿ. ಹಳೆಯ ವಿಡಿಯೋಗಳಲ್ಲಿ 4:3 ಅಳತೆಯವು ಬಹಳ, ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೇ ಚೌಕಟ್ಟು ಪೂರ್ತಿ ಇದೆ ಅಂತ.

ಉತ್ತರ 5
ರೇಡಿಯೋಹೆಡ್‌ನ 2001ರ 'ಪಿರಮಿಡ್ ಸಾಂಗ್' ತಲುಪಿದಾಗ ಈ ತಾಳದ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಪಿಯಾನೋ ಶುರುವಾದಾಗ ತಾಳ ಎಲ್ಲಿ ಬೀಳುತ್ತಿದೆ ಅಂತ ಯಾರಿಗೂ ಸುಲಭಕ್ಕೆ ಹೊಳೆಯುವುದಿಲ್ಲ. ಕರ್ನಾಟಕ ಸಂಗೀತದ ಲೆಕ್ಕ ಗೊತ್ತಿದ್ದರೆ ಹೀಗೆ ಹೇಳಿಕೊಳ್ಳಿ: ತಕಿಟ ತಕಿಟ ತಕಧಿಮಿ ತಕಿಟ ತಕಿಟ. 3+3+4+3+3, ಒಟ್ಟು 16. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಪಿಯಾನೋ ಬೀಳುತ್ತದೆ. ಆದಿತಾಳದ 8 ಪೆಟ್ಟಿನಲ್ಲಿ ಪೆಟ್ಟಿಗೆರಡು ಅಕ್ಷರದಂತೆ ಕೂಡುತ್ತದೆ. ನುಡಿಸಾಣಿಕೆ ಸ್ವಲ್ಪ ತೂಗುವುದರಿಂದ ಮೆಟ್ರೊನೋಮ್‌ (ತಾಳದ ಯಂತ್ರ) ಅಷ್ಟು ಬಿಗಿಯಾಗಿ ಹೇಳಲು ಹೋಗಬೇಡಿ, ತಪ್ಪುತ್ತದೆ. ಸುಮಾರು 2 ನಿಮಿಷಕ್ಕೆ ಡ್ರಮ್ ಬಂದಾಗ ಲೆಕ್ಕ ಕೂಡಿದೆಯೋ ಇಲ್ಲವೋ ತಿಳಿಯುತ್ತದೆ. ಶೈನೋಲಾ ತಂಡದ ವಿಡಿಯೋದಲ್ಲಿ ಮುಳುಗುಗಾರ ನೀರಿನಡಿಯ ಊರಿಗೆ ಇಳಿಯುತ್ತಾನೆ. ತಾಳ ಕೈಗೆ ಹತ್ತಿದ ಮೇಲೆ ಅದನ್ನು ನೋಡಿ, ಎಣಿಸುತ್ತಾ ನೋಡಬೇಡಿ.