ಸಹಾಯ ಬೇಕು: ಸಿಕೆಎ ಪರೀಕ್ಷೆಯ ಟ್ರಬಲ್‌ಶೂಟಿಂಗ್ ಭಾಗಕ್ಕೆ ಅಭ್ಯಾಸ ಹೇಗೆ?

ಎಲ್ಲರಿಗೂ ನಮಸ್ಕಾರ. ಹಲವು ಯಂತ್ರಗಳಲ್ಲಿ ಕಂಟೇನರ್‌ಗಳನ್ನು (ಪ್ರತ್ಯೇಕವಾಗಿ ಓಡುವ ಅಪ್ಲಿಕೇಶನ್ ಪೊಟ್ಟಣಗಳನ್ನು) ನಿರ್ವಹಿಸುವ ಕುಬರ್ನೆಟಿಸ್ ತಂತ್ರಾಂಶದ ಆಡಳಿತಕ್ಕೆ ಸಂಬಂಧಿಸಿದ ಸಿಕೆಎ (ಸರ್ಟಿಫೈಡ್ ಕುಬರ್ನೆಟಿಸ್ ಅಡ್ಮಿನಿಸ್ಟ್ರೇಟರ್) ಪರೀಕ್ಷೆಗೆ ತಯಾರಿ ನಡೆಸುತ್ತಿದ್ದು, ಈಗಾಗಲೇ ಅದನ್ನು ಬರೆದವರ ಮಾರ್ಗದರ್ಶನ ಕೋರುತ್ತಿದ್ದೇನೆ. 2 ಗಂಟೆಯ ಈ ಪರೀಕ್ಷೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಲ್ಲದೆ ಎಲ್ಲವನ್ನೂ ಟರ್ಮಿನಲ್‌ನಲ್ಲಿ ಮಾಡಿಯೇ ತೋರಿಸಬೇಕಾಗಿರುವುದರಿಂದ ಮತ್ತು 30% ಅಂಕಗಳು ಟ್ರಬಲ್‌ಶೂಟಿಂಗ್‌ಗೇ ಮೀಸಲಾಗಿರುವುದರಿಂದ, ನನ್ನ ಚಿಂತೆಯೆಲ್ಲ ಆ ಭಾಗದ್ದೇ ಆಗಿದೆ.

ಉದಾಹರಣೆಗೆ, ಕ್ಲಸ್ಟರ್‌ಗೆ (ಕುಬರ್ನೆಟಿಸ್ ನಡೆಸುವ ಯಂತ್ರಗಳ ಗುಂಪಿಗೆ) ಬರುವ ಎಲ್ಲ ಆಜ್ಞೆಗಳನ್ನು ಸ್ವೀಕರಿಸುವ ಎಪಿಐ ಸರ್ವರ್‌ನ ಸ್ಟ್ಯಾಟಿಕ್ ಪಾಡ್ ಕಡತದಲ್ಲಿ (ಅದನ್ನು ಹೇಗೆ ಆರಂಭಿಸಬೇಕೆಂದು ಹೇಳುವ ಕಡತದಲ್ಲಿ) ಕ್ಲಸ್ಟರ್‌ನ ದತ್ತಾಂಶ ಇಡುವ ಇಟಿಸಿಡಿಯ ಪೋರ್ಟ್ 2379ರ ಬದಲು ಬೇರೇನೋ ಇದ್ದರೆ ಸಾಕು, ಸರ್ವರ್ ಮೇಲೇಳುವುದಿಲ್ಲ. ಆಗ ಕ್ಲಸ್ಟರ್ ನಿಯಂತ್ರಿಸುವ ಸಾಧನವಾದ ಕ್ಯೂಬ್‌ಸಿಟಿಎಲ್‌ನಿಂದ ಕ್ಲಸ್ಟರ್‌ಗೆ ಕೊಡುವ ಯಾವ ಆಜ್ಞೆಯೂ ನಡೆಯುವುದಿಲ್ಲ. ಇಂತಹ ಸಂದರ್ಭದಲ್ಲಿ ಮೊದಲು ಲಿನಕ್ಸ್‌ನ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ನಿಂದ ಕ್ಯೂಬ್‌ಲೆಟ್‌ನ (ಪ್ರತಿ ಯಂತ್ರದಲ್ಲಿ ಕಂಟೇನರ್‌ಗಳನ್ನು ನಡೆಸುವ ಸೇವೆಯ) ಲಾಗ್ ನೋಡುವುದು ಸೂಕ್ತವೋ, ಅಥವಾ ಎಪಿಐ ಸರ್ವರ್ ಇಲ್ಲದೆಯೂ ಕಂಟೇನರ್‌ಗಳನ್ನು ನೋಡಬಲ್ಲ ಸಿಆರ್‌ಐಸಿಟಿಎಲ್ ಮೂಲಕ ನೇರವಾಗಿ ನಿಂತುಹೋದ ಕಂಟೇನರ್‌ನ ಲಾಗ್ ತೆಗೆಯುವುದು ಸೂಕ್ತವೋ? ಸಮಯ ಉಳಿಸುವ ದೃಷ್ಟಿಯಿಂದ ನೀವು ಅನುಸರಿಸಿದ ಕ್ರಮವನ್ನು ದಯವಿಟ್ಟು ತಿಳಿಸಿ.

ಎರಡನೆಯದಾಗಿ, ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಮಾತ್ರ ಇದೆ. ಕಂಟೇನರ್‌ಗಳೊಳಗೇ ಅಭ್ಯಾಸದ ಕ್ಲಸ್ಟರ್ ಕಟ್ಟುವ ಕೈಂಡ್ ಹಗುರವಾಗಿ ಓಡುತ್ತದೆಯಾದರೂ, ಕ್ಲಸ್ಟರ್ ಸ್ಥಾಪಿಸುವ ಸಾಧನವಾದ ಕ್ಯೂಬ್‌ಎಡಿಎಂ ಬಳಸಿ ನೋಡ್‌ಗಳನ್ನು (ಕ್ಲಸ್ಟರ್‌ನ ಯಂತ್ರಗಳನ್ನು) ಡ್ರೈನ್ ಮಾಡಿ, ಅಂದರೆ ಅವುಗಳ ಕೆಲಸವನ್ನು ಖಾಲಿ ಮಾಡಿ, ಪ್ಯಾಕೇಜ್‌ಗಳನ್ನು ಬದಲಿಸಿ ಕ್ಲಸ್ಟರ್ ಅನ್ನು ಅಪ್‌ಗ್ರೇಡ್ ಮಾಡುವ ಅಭ್ಯಾಸಕ್ಕೆ ನಿಜವಾದ ವರ್ಚುವಲ್ ಯಂತ್ರಗಳೇ ಬೇಕೆಂಬುದು ನನ್ನ ಅಭಿಪ್ರಾಯ. ಇಷ್ಟು ರ್‍ಯಾಮ್‌ನಲ್ಲಿ ಎರಡು ನೋಡ್‌ಗಳನ್ನು ನಡೆಸಿದವರು ಯಾರಾದರೂ ಇದ್ದೀರಾ?

ಅಪ್ಲಿಕೇಶನ್‌ಗಳ ಸ್ಥಾಪನೆ ಮತ್ತು ಸಂರಚನೆಗೆ ಬಳಸುವ ಹೆಲ್ಮ್ ಮತ್ತು ಕಸ್ಟಮೈಸ್ ಬಗ್ಗೆ ಅಷ್ಟೇನೂ ಆತಂಕವಿಲ್ಲ. ಆದರೆ 2025ರಲ್ಲಿ ಪರಿಷ್ಕೃತವಾದ ಪಠ್ಯಕ್ರಮದಲ್ಲಿರುವ, ಹೊರಗಿನ ಸಂಚಾರವನ್ನು ಕ್ಲಸ್ಟರ್‌ನೊಳಗೆ ತರುವ ಹೊಸ ವಿಧಾನವಾದ ಗೇಟ್‌ವೇ ಎಪಿಐಯನ್ನು ಎಷ್ಟು ಆಳವಾಗಿ ಓದಬೇಕು, ಅದೇ ಕೆಲಸದ ಹಳೆಯ ವಿಧಾನವಾದ ಇಂಗ್ರೆಸ್ ಅನ್ನು ಗೇಟ್‌ವೇ ಎಪಿಐಯ ಎಚ್‌ಟಿಟಿಪಿರೂಟ್‌ಗೆ ಬದಲಿಸುವಷ್ಟು ಬಂದರೆ ಸಾಕೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಪರೀಕ್ಷೆಯ ನಿಜವಾದ ಪ್ರಶ್ನೆಗಳನ್ನು ನಾನು ಕೇಳುತ್ತಿಲ್ಲ. ಅವನ್ನು ಹಂಚುವುದು ನಿಯಮಕ್ಕೆ ವಿರುದ್ಧ.