ಹೆಸರು ಮಾಡಿದ ರ‍್ಯಾಪರ್‌ಗಳು ಒಂದೇ ತಂಡವಾದರೆ ಹಾಡು ಗೆಲ್ಲುತ್ತದೆಯೇ?

ಪ್ರಶ್ನೆ: ನವನಗರದವ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಇಷ್ಟು ದಿನ ಬೇರೆ ಬೇರೆಯಾಗಿ ಹಾಡುತ್ತ ಬಂದ ನಾವು ನಾಲ್ವರು ರ‍್ಯಾಪರ್‌ಗಳು ಒಂದೇ ಹೆಸರಿನಡಿ ಸೇರಿ ಪೂರ್ಣ ಪ್ರಮಾಣದ ಆಲ್ಬಮ್ ಮಾಡುವ ಆಲೋಚನೆಯಲ್ಲಿದ್ದೇವೆ. ಒಬ್ಬರ ಕನ್ನಡದಲ್ಲಿ ಬೆಳಗಾವಿಯ ಮರಾಠಿ ಬೆರೆತಿದೆ, ಇನ್ನೊಬ್ಬರು ವಿಜಯಪುರದ ದಖನಿಯಲ್ಲಿಯೂ ಬರೆಯುತ್ತಾರೆ, ಉಳಿದ ಇಬ್ಬರದು ಘಟಪ್ರಭೆಯ ದಂಡೆಯ ಗಂಡು ಮಾತು. ಈ ನಾಲ್ಕು ದನಿ ಒಂದೇ ಬೀಟಿನ (ಹಿನ್ನೆಲೆಯ ತಾಳ-ಸಂಗೀತದ) ಮೇಲೆ ಕೂಡಿದರೆ ಹೇಗಿದ್ದೀತು ಎಂಬ ಆಸೆಯೇ ನಮ್ಮನ್ನು ಇಲ್ಲಿಯವರೆಗೆ ತಂದಿದೆ.

ಆದರೆ ಹಿಂದಿನ ಉದಾಹರಣೆಗಳನ್ನು ನೋಡಿದರೆ ಧೈರ್ಯ ಸಾಲುವುದಿಲ್ಲ. ಅಮೆರಿಕದ ರ‍್ಯಾಪರ್‌ಗಳಾದ ನಾಸ್, ಎಝೀ, ಫಾಕ್ಸಿ ಬ್ರೌನ್ ಮತ್ತು ನೇಚರ್ ಸೇರಿ ಕಟ್ಟಿದ ‘ದಿ ಫರ್ಮ್’ ತಂಡದ ಆಲ್ಬಮ್ 1997ರಲ್ಲಿ ಅಲ್ಲಿಯ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇ ಬಂದರೂ ಕೇಳುಗರ ನಿರೀಕ್ಷೆಯನ್ನು ತುಂಬಲಿಲ್ಲ; ತಂಡ ಎರಡನೆಯ ಆಲ್ಬಮ್ ಕಾಣಲೇ ಇಲ್ಲ. ಒಬ್ಬೊಬ್ಬರಾಗಿ ಗೆದ್ದವರು ಕೂಡಿದಾಗ ಏಕೆ ಸೋಲುತ್ತಾರೆ? ಕೆಲಸ ಶುರು ಮಾಡುವ ಮೊದಲೇ ನಾವು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಏನು?

ಉತ್ತರ: ಟಿಳಕವಾಡಿ ಕೇಳುಗ, ಬೆಳಗಾವಿ

ನಿಮ್ಮ ಆಸೆ ಸರಿಯಾದದ್ದೇ. ಒಬ್ಬ ರ‍್ಯಾಪರ್‌ನ ಆಲ್ಬಮ್ಮಿನಲ್ಲಿ ನಾಲ್ಕನೆಯ ಹಾಡಿನ ಹೊತ್ತಿಗೆ ಅವನ ಪ್ರಾಸ ಎಲ್ಲಿ ಬೀಳುತ್ತದೆ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಎಂಬುದು ಕಿವಿಗೆ ಗೊತ್ತಾಗಿಬಿಡುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಬಲವಾದ ಬರಹಗಾರ ನಿಂತ ಕೂಡಲೇ ಆ ರೂಢಿ ಮುರಿಯುತ್ತದೆ, ಏಕೆಂದರೆ ಮೊದಲಿನವನು ಬರೆದದ್ದನ್ನು ಕೇಳಿದ ಮೇಲೆ ಎರಡನೆಯವನು ತನ್ನ ಹಳೆಯ ಸಾಲುಗಳನ್ನು ತಿರುವಿ ಹಾಕಲು ನಾಚುತ್ತಾನೆ. ಈ ಪೈಪೋಟಿಯೇ ಇಂಥ ತಂಡಗಳ ಜೀವ.

ಸೋಲಿನ ಕಾರಣವನ್ನು ನಾನು ಅಹಂಕಾರದಲ್ಲಿ ಹುಡುಕುವುದಿಲ್ಲ. ಇಡೀ ಆಲ್ಬಮ್ಮಿಗೆ ಒಬ್ಬ ಯಜಮಾನ ಇಲ್ಲದಿರುವುದರಲ್ಲಿ ಹುಡುಕುತ್ತೇನೆ. ದಿ ಫರ್ಮ್ ಆಲ್ಬಮ್ಮಿನ ಬೀಟ್‌ಗಳಲ್ಲಿ ಹೆಚ್ಚಿನವನ್ನು ಒಂದು ಕಡೆ ಡಾ. ಡ್ರೆ ಬಳಗ, ಇನ್ನೊಂದು ಕಡೆ ಟ್ರ್ಯಾಕ್‌ಮಾಸ್ಟರ್ಸ್ ಜೋಡಿ ಮಾಡಿತು. ಲಾಸ್ ಏಂಜಲೀಸ್‌ನ ನಾದ ಒಂದು, ನ್ಯೂಯಾರ್ಕಿನ ರೇಡಿಯೋಗೆಂದು ನಯಗೊಳಿಸಿದ ನಾದ ಇನ್ನೊಂದು. ಎರಡಕ್ಕೂ ನಡುವೆ ಹೊಲಿಗೆಯೇ ಕೂಡಲಿಲ್ಲ. ಅದಕ್ಕೂ ಮೊದಲು, 1996ರಲ್ಲಿ ನಾಸ್ ಆಲ್ಬಮ್ಮಿನ ಒಂದೇ ಒಂದು ಹಾಡಿನಲ್ಲಿ ಕಾರ್ಮೆಗಾ, ಎಝೀ, ಫಾಕ್ಸಿ ಮತ್ತು ನಾಸ್ ಸೇರಿ ಹುಟ್ಟಿಸಿದ ಕಾವೇ ಈ ಯೋಜನೆಗೆ ಬೀಜವಾಗಿತ್ತು. ಆಲ್ಬಮ್ ಬರುವ ಹೊತ್ತಿಗೆ ಕಾರ್ಮೆಗಾ ಜಾಗದಲ್ಲಿ ನೇಚರ್ ಇದ್ದರು. ಒಂದು ಹಾಡಿನಲ್ಲಿ ಹೊತ್ತಿಕೊಂಡದ್ದು ಇಡೀ ಆಲ್ಬಮ್ಮಿನುದ್ದಕ್ಕೂ ಉರಿಯುತ್ತದೆಂದು ನಂಬಿದ್ದು ಅಲ್ಲಿಯ ದೊಡ್ಡ ಎಡವಟ್ಟು.

‘ಸ್ಲಾಟರ್‌ಹೌಸ್’ ಕಥೆಯೂ ನೋಯಿಸುವಂಥದ್ದು. ರಾಯ್ಸ್ ದ ಫೈವ್ ನೈನ್, ಜೋ ಬಡನ್, ಜೋಯಲ್ ಓರ್ಟಿಝ್, ಕ್ರೂಕೆಡ್ ಐ, ನಾಲ್ವರೂ ಸಾಲಿಗೆ ಸಾಲು ಕೊಡಬಲ್ಲ ಗಟ್ಟಿಗರು. 2009ರಲ್ಲಿ ಮೊದಲ ಆಲ್ಬಮ್, ಆಮೇಲೆ ಎಮಿನೆಮ್ ಅವರ ಶೇಡಿ ರೆಕಾರ್ಡ್ಸ್ ಸೇರಿ 2012ರಲ್ಲಿ ಎರಡನೆಯದು ಬಂತು. ಮೂರನೆಯದು ಇಂದಿಗೂ ಬಂದಿಲ್ಲ. 2018ರಲ್ಲಿ ಕ್ರೂಕೆಡ್ ಐ ಹೊರನಡೆದರು. ಆ ಹಾಡುಗಳಲ್ಲಿ ಒಬ್ಬೊಬ್ಬರ ಪಾಲಿನ ಚರಣಗಳಾದ ನಾಲ್ಕು ಅದ್ಭುತ ವರ್ಸ್‌ಗಳು ಸರದಿಯಲ್ಲಿ ನಿಂತಿರುತ್ತವೆ, ಆದರೆ ಒಂದು ವರ್ಸ್ ಇನ್ನೊಂದಕ್ಕೆ ಉತ್ತರ ಕೊಡುವುದು ವಿರಳ. ಎಲ್ಲರೂ ಗೆಲ್ಲಲು ಬಂದಿದ್ದಾರೆ, ಹಾಡನ್ನು ಹೊರಲು ಯಾರೂ ಬಂದಿಲ್ಲ ಎನಿಸುತ್ತದೆ.

ಇದಕ್ಕೆ ಎದುರಾಗಿ ವು-ಟ್ಯಾಂಗ್ ಕ್ಲಾನ್ ನೋಡಿ. ಅವರು ಮೊದಲೇ ಹೆಸರು ಮಾಡಿ ಕೂಡಿದವರಲ್ಲ ನಿಜ, ಆದರೆ ಒಂಬತ್ತು ಜನರನ್ನು ಒಂದು ಆಲ್ಬಮ್ಮಿನಲ್ಲಿ ಹಿಡಿದಿಟ್ಟದ್ದು ಹೇಗೆಂದು ಅವರಿಂದಲೇ ಕಲಿಯಬೇಕು. 1993ರ ಅವರ ಮೊದಲ ಆಲ್ಬಮ್ಮಿನಲ್ಲಿ ಬೀಟ್ ಕಟ್ಟಿದ್ದು, ಯಾರ ವರ್ಸ್ ಉಳಿಯಬೇಕೆಂದು ತೀರ್ಮಾನಿಸಿದ್ದು ಬಹುಮಟ್ಟಿಗೆ ಆರ್‌ಝಾ ಒಬ್ಬರೇ. ಹಣದ ಬಗೆಗಿನ ಅವರ ಅತ್ಯಂತ ಪ್ರಸಿದ್ಧ ಹಾಡಿನಲ್ಲಿ ವರ್ಸ್ ಹಾಡಿದವರು ರೇಕ್ವಾನ್ ಮತ್ತು ಇನ್‌ಸ್ಪೆಕ್ಟಾ ಡೆಕ್ ಇಬ್ಬರೇ; ಹುಕ್ (ಮರುಕಳಿಸುವ ಪಲ್ಲವಿ) ಮೆಥಡ್ ಮ್ಯಾನ್‌ದು. ಮಾಸ್ಟಾ ಕಿಲ್ಲಾ ಇಡೀ ಆಲ್ಬಮ್ಮಿನಲ್ಲಿ ಒಂದೇ ಹಾಡಿನಲ್ಲಿ ವರ್ಸ್ ಹೇಳಿದರು. ಒಂದು ಹಾಡಿನಿಂದ ಹೊರಗುಳಿಯಲು ಒಪ್ಪುವುದೂ ತಂಡದ ಕೆಲಸವೇ ಎಂದು ಅವರಿಗೆ ಗೊತ್ತಿತ್ತು. ನಿಮ್ಮ ನಾಲ್ವರಲ್ಲಿ ಅದಕ್ಕೆ ಯಾರು ತಯಾರಿದ್ದಾರೆಂದು ಕೇಳಿ ನೋಡಿ.

ಉತ್ತರ: ಇಂಡಿಯ ಹಿಮ್ಮೇಳ, ವಿಜಯಪುರ ಜಿಲ್ಲೆ

ಬೆಳಗಾವಿಯ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ನಾನು ಗೀಗೀ ಮೇಳದಲ್ಲಿ ದನಿಗೂಡಿಸುವವನು, ರ‍್ಯಾಪನ್ನೂ ಅಷ್ಟೇ ಅಕ್ಕರೆಯಿಂದ ಕೇಳುತ್ತೇನೆ. ನಮ್ಮ ಭಾಗದ ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ಎರಡು ಮೇಳಗಳು ರಾತ್ರಿಯಿಡೀ ಎದುರುಬದುರು ನಿಂತು, ಒಂದು ಗಂಡು ಹೆಚ್ಚೆಂದರೆ ಇನ್ನೊಂದು ಹೆಣ್ಣು ಹೆಚ್ಚೆಂದು ವಾದ ಹೂಡುತ್ತವೆ. ಹಿಂದಿನವರು ಎಸೆದ ಸವಾಲಿಗೆ ಜವಾಬು ಕೊಡದೆ ತನ್ನ ಬಾಯಿಪಾಠದ ಪದವನ್ನೇ ಹೇಳಿದವನನ್ನು ನೆರೆದ ಜನ ಅಲ್ಲಿಯೇ ಗುರುತಿಸಿಬಿಡುತ್ತಾರೆ. ನಾಲ್ಕು ಊರಿನಿಂದ ನಾಲ್ಕು ವರ್ಸ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಜೋಡಿಸಿದ ಹಾಡಿನಲ್ಲಿ ಇಲ್ಲದಿರುವುದು ಇದೇ ಜವಾಬು. ಒಂದೇ ಕೋಣೆಯಲ್ಲಿ ಕುಳಿತು ಬರೆಯಿರಿ.

ಇನ್ನೊಂದು ಲೆಕ್ಕ. 90 ಬಿಪಿಎಂ (ನಿಮಿಷಕ್ಕೆ 90 ಬಡಿತ) ಬೀಟಿನಲ್ಲಿ ನಾಲ್ಕು ಬಡಿತಕ್ಕೊಂದರಂತೆ 16 ಬಾರ್‌ಗಳಿಗೆ ಸುಮಾರು 43 ಸೆಕೆಂಡ್ ಹಿಡಿಯುತ್ತದೆ. ನಾಲ್ವರಿಗೂ ಸಮಪಾಲು ಎಂದು 16 ಬಾರ್ ಕೊಟ್ಟರೆ ಹುಕ್ ಸೇರುವ ಮೊದಲೇ ಮೂರು ನಿಮಿಷ ಸಮೀಪಿಸುತ್ತದೆ, ಕೊನೆಯವನ ಸರದಿ ಬರುವಷ್ಟರಲ್ಲಿ ಕೇಳುವವನು ದಣಿದಿರುತ್ತಾನೆ. ಬದಲಾಗಿ ಎಂಟೆಂಟು ಬಾರ್ ಹಂಚಿಕೊಳ್ಳಿ, ಇಲ್ಲವೇ ಕಿಲ್ಲರ್ ಮೈಕ್ ಮತ್ತು ಎಲ್-ಪಿ ‘ರನ್ ದ ಜ್ಯುವೆಲ್ಸ್’ನಲ್ಲಿ ಮಾಡುವಂತೆ ಒಬ್ಬರ ಸಾಲನ್ನು ಇನ್ನೊಬ್ಬರು ಕಸಿದುಕೊಂಡು ಮುಂದುವರಿಸಿ. ಅವರಿಬ್ಬರೂ 2012ರಲ್ಲಿ ಮೈಕ್ ಅವರ ಆಲ್ಬಮ್ಮಿನ ಮೇಲೆ ಒಟ್ಟಿಗೆ ದುಡಿದು, ಕೈ ಹೊಂದಿದ ಮೇಲೆಯೇ 2013ರಲ್ಲಿ ತಂಡದ ಮೊದಲ ಆಲ್ಬಮ್ಮನ್ನು ಉಚಿತವಾಗಿ ಹೊರತಂದರು.

ನವನಗರದವ, ಬಾಗಲಕೋಟೆ

ಇಬ್ಬರಿಗೂ ಧನ್ಯವಾದಗಳು. ನಮ್ಮಲ್ಲಿ ಬೀಟ್ ಮಾಡುವವರು ಇಬ್ಬರಿದ್ದಾರೆ, ಇಬ್ಬರೂ ರ‍್ಯಾಪ್ ಮಾಡುತ್ತಾರೆ. ಒಬ್ಬರ ಕೈಗೆ ಪೂರ್ತಿ ಅಧಿಕಾರ ಕೊಟ್ಟರೆ ಇನ್ನೊಬ್ಬರಿಗೆ ಅನ್ಯಾಯವಾಗುವುದಿಲ್ಲವೇ? ಆದಾಯವನ್ನು ಸಮನಾಗಿ ಹಂಚಿದರೆ ಸಾಕೇ?

ಉತ್ತರ: ಗೋಕಾಕದ ವಕೀಲ

ಅಧಿಕಾರ ಮತ್ತು ಹಕ್ಕು ಬೇರೆ ಬೇರೆ, ಎರಡನ್ನೂ ಕಲಸಬೇಡಿ. ಈ ಆಲ್ಬಮ್ಮಿನ ಕೊನೆಯ ಮಾತು ಒಬ್ಬರದಾಗಲಿ, ಆದರೆ ಬರೆದವರ ಹಕ್ಕು ಬರೆದವರ ಬಳಿಯೇ ಉಳಿಯಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಸಂಗೀತ ಮತ್ತು ಧ್ವನಿಮುದ್ರಣ ಮೂರೂ ಪ್ರತ್ಯೇಕ ಕೃತಿಗಳು. 2012ರ ತಿದ್ದುಪಡಿಯ ನಂತರ ಧ್ವನಿಮುದ್ರಣದಲ್ಲಿ ಬಳಸಿದ ಸಾಹಿತ್ಯ-ಸಂಗೀತದ ರಾಯಧನದಲ್ಲಿ ಗೀತರಚನೆಕಾರ ಮತ್ತು ಸಂಗೀತಗಾರನಿಗಿರುವ ಸಮಪಾಲನ್ನು ಸಂಗೀತ ಕಂಪನಿಗೆ ಬಿಟ್ಟುಕೊಡುವಂತೆ ಬರೆಸಿಕೊಳ್ಳಲು ಬರುವುದಿಲ್ಲ. ಈ ಹಕ್ಕು ಕರ್ತೃವಿನ ಮರಣಾನಂತರವೂ 60 ವರ್ಷ ಇರುತ್ತದೆ, ಅಂದರೆ ನಿಮ್ಮ ಮಕ್ಕಳೂ ನಿಮ್ಮ ಒಪ್ಪಂದದ ಕಾಗದವನ್ನು ಓದಬೇಕಾಗುತ್ತದೆ.

ಹನಿ ಸಿಂಗ್, ಬಾದ್‌ಶಾ, ರಫ್ತಾರ್, ಇಕ್ಕಾ ಮತ್ತು ಲಿಲ್ ಗೋಲು ಇದ್ದ ‘ಮಾಫಿಯಾ ಮುಂಡೀರ್’ ರ‍್ಯಾಪ್ ತಂಡ ಒಡೆದ ಮೇಲೆ ಯಾರು ಏನು ಬರೆದರೆಂಬ ತಕರಾರು ಬಹಿರಂಗವಾಗಿಯೇ ನಡೆಯಿತು. ಆದ್ದರಿಂದ ಪ್ರತಿ ಹಾಡು ಮುಗಿದ ದಿನವೇ ಒಂದು ಹಾಳೆಯ ಮೇಲೆ ವರ್ಸ್, ಹುಕ್, ಬೀಟ್ ಯಾರದೆಂದು ಹೆಸರು ಹಾಗೂ ಪಾಲಿನ ಸಮೇತ ಬರೆದು ನಾಲ್ವರೂ ಸಹಿ ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಯಾರಾದರೂ ಬಿಟ್ಟುಹೋದರೆ ತಂಡದ ಹೆಸರನ್ನು ಉಳಿದವರು ಬಳಸಬಹುದೇ, ಯೂಟ್ಯೂಬ್ ಚಾನೆಲ್ಲಿನ ಪಾಸ್‌ವರ್ಡ್ ಯಾರ ಬಳಿ ಇರಬೇಕು ಎಂಬುದೂ ಅದೇ ಒಪ್ಪಂದದಲ್ಲಿ ಬರಲಿ. ಎರಡನೆಯ ಬೀಟ್‌ಗಾರನಿಗೆ ಮುಂದಿನ ಆಲ್ಬಮ್ಮಿನ ಉಸ್ತುವಾರಿ ಎಂದು ಈಗಲೇ ಬರೆದುಕೊಟ್ಟರೆ ಅನ್ಯಾಯದ ಮಾತೇ ಬರುವುದಿಲ್ಲ. ಕರಡು ಸಿದ್ಧವಾದ ಮೇಲೆ ಹೆಸರುಗಳನ್ನು ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.